ಚುಕ್ಕಿ ಬಿಡಬ್ಯಾಡ್ರಿ

“ಇ ಎಪ್ಪತ್ತಾರು, ಚುಕ್ಕಿ, ಸೊನ್ನಿ” ಎಂದು ಮೊರಬದ ಅಜ್ಜಿಯೊಬ್ಬರು ನಮ್ಮೂರ ದರ್ಗಾದಲ್ಲಿ ಕೈಮುಗಿದು ಬೇಡಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ನಾನು ಬೆಚ್ಚಿದೆ. ಅದು ಅಪರೂಪದ ಆನುವಂಶಿಕ ಕಾಯಿಲೆಯೊಂದರ ಕೋಡ್. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕಾಯಿಲೆಗಳಿಗೆ ಇಂಥ ಕೋಡ್ ಹಾಕುವುದೇ ನನ್ನ ಕೆಲಸ.

“ದೇವರಿಗೂ ಕೋಡ್ ಹೇಳ್ಬೇಕೇನ್ರಿ ಅಮ್ಮಾ?” ಎಂದೆ.

“ಮೊಮ್ಮಗಳ ಬ್ಯಾನಿ ಹೆಸರು ನನ್ನ ಬಾಯಾಗ ಹೊಳ್ಳೂದಿಲ್ಲ ತಮ್ಮಾ. ದವಾಖಾನ್ಯಾಗ ಯಾರೋ ಚುಕ್ಕಿ ಬಿಟ್ಟು ಬರದಿದ್ದಕ್ಕ ಅಕಿ ಔಷಧದ ಅರ್ಜಿ ವಾಪಸ್ ಬಂತು. ಇಲ್ಲೂ ಹಂಗಾದ್ರ ಹೆಂಗ?”

ದರ್ಗಾ ನೋಡಿಕೊಳ್ಳುವ ಮುಜಾವರರು ಕಣ್ಣು ಮುಚ್ಚಿ, ನವಿಲುಗರಿಯನ್ನು ಅಜ್ಜಿಯ ತಲೆಗೆ ತಾಕಿಸಿ, “ಇ ಎಪ್ಪತ್ತಾರು, ಸೊನ್ನಿ” ಎಂದರು. ಅಜ್ಜಿ ನವಿಲುಗರಿ ತಡೆದರು: “ಚುಕ್ಕಿ ಬಿಟ್ರಿ. ಮೊದಲಿಂದ ಹೇಳ್ರಿ.” ಅವರು ಮೊದಲಿಂದ ಹೇಳಿದರು.

ಯಾವ ಆಸ್ಪತ್ರೆಯೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ಚುಕ್ಕಿಗಾಗಿ ನಾನೂ ಕೈಮುಗಿದೆ.