ಔಷಧ ನಿಂತುಹೋದ ಫ್ಲಾಸ್ಕುಗಳು

ನಮ್ಮದು ಗುಡೂರಿನ ಕುರಿ ಸಾಕುವ ಮನೆತನ. ನನ್ನ ಸಂಶೋಧನೆಯ ಸೂಕ್ಷ್ಮಾಣು ಸಿಕ್ಕಿದ್ದೂ ನಮ್ಮ ಕುರಿದಡ್ಡಿಯ ಮಣ್ಣಿನಲ್ಲೇ. ಬಾಗಲಕೋಟೆಯ ಪ್ರಯೋಗಾಲಯದಲ್ಲಿ ಅದನ್ನು ಫ್ಲಾಸ್ಕುಗಳಲ್ಲಿ ಬೆಳೆಸಿ, ಬ್ಯಾಕ್ಟೀರಿಯ ಹರಡಿದ ತಟ್ಟೆಯ ಮೇಲೆ ಅದರ ರಸ ಹಾಕಿದರೆ ಸುತ್ತ ಒಂದು ತಿಳಿಯಾದ ವೃತ್ತ ಮೂಡುತ್ತಿತ್ತು. ಸೂಕ್ಷ್ಮಾಣು ತಯಾರಿಸುವ ಔಷಧದಿಂದ ಅಷ್ಟು ಜಾಗದಲ್ಲಿ ಬ್ಯಾಕ್ಟೀರಿಯ ಸತ್ತಿವೆ ಎಂದರ್ಥ. ಔಷಧ ಇನ್ನೂ ಹೆಚ್ಚು ಸಿಗಲೆಂದು ಫ್ಲಾಸ್ಕುಗಳಿಗೆ ಗ್ಲೂಕೋಸ್ ಹೆಚ್ಚಿಸಿದೆ. ಸೂಕ್ಷ್ಮಾಣು ಗಂಜಿಯಂತೆ ದಟ್ಟವಾಗಿ ಬೆಳೆಯಿತು. ತಟ್ಟೆಯಲ್ಲಿ ಮಾತ್ರ ವೃತ್ತವೇ ಇಲ್ಲ.

ಅದೇ ವಾರ ಅವ್ವನ ಕಾಲಿಗೆ ಜಾಲಿಮುಳ್ಳು ನಟ್ಟ ಗಾಯ ಕೀವಾಗಿ, ಅಣ್ಣ ಅವಳನ್ನು ಬಾಗಲಕೋಟೆಗೆ ತಂದು ದವಾಖಾನೆಗೆ ಸೇರಿಸಿದ. ಕೊಟ್ಟ ಔಷಧ ನಾಟಲಿಲ್ಲ, ಬದಲಿಸಿದ್ದೂ ನಾಟಲಿಲ್ಲ. ಕೀವಿನ ಪರೀಕ್ಷೆಯ ಫಲ ಬಂದ ಮೇಲೆ ಡಾಕ್ಟರು ನನ್ನನ್ನು ಹೊರಗೆ ಕರೆದರು.

“ಇನ್ನೊಂದ ಔಷಧ ಉಳದೈತ್ರಿ. ಅದಕ್ಕೂ ಬಗ್ಗಲಿಲ್ಲಂದ್ರ ಕಾಲ ತಗೀಬೇಕಾಗತೈತಿ.”

ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯ ತಟ್ಟೆಯನ್ನು ಹೇಗೆ ಮುಚ್ಚಿಬಿಡುತ್ತದೆಂದು ನಾನು ದಿನಾ ನೋಡುತ್ತಿದ್ದವಳು. ಗೊತ್ತಿದ್ದದ್ದೇ ಅಂಜಿಕೆಯನ್ನು ಹೆಚ್ಚಿಸಿತು. ನನ್ನ ಫ್ಲಾಸ್ಕಿನ ರಸ ಅವ್ವನಿಗೆ ಕೊಡುವಂಥದ್ದಲ್ಲ. ಅದು ಮದ್ದಾಗಲು ವರ್ಷಗಟ್ಟಲೆ ಬೇಕು. ಆದರೂ ಅದರಲ್ಲಿ ಔಷಧ ಈಗಲೇ ನಿಂತದ್ದು ಅಪಶಕುನದಂತೆ ಕಂಡಿತು.

ಅವ್ವ ನನ್ನ ಮುಖ ನೋಡಿದಳು. “ಯಾಕವಾ, ಕಾಲ ತಗೀತಾರೇನ?”

ಜ್ವರದಿಂದ ಸುಡುತ್ತಿದ್ದ ಅವಳ ಕೈ ಹಿಡಿದು ಕೂತೆ.

ನನ್ನ ಸಂಶೋಧನೆಯ ಮಾರ್ಗದರ್ಶಕರ ಬಳಿ ಹೋಗಿ, ಸೂಕ್ಷ್ಮಾಣು ತನ್ನ ಗುಣವನ್ನೇ ಕಳೆದುಕೊಂಡಿರಬೇಕು ಎಂದೆ. ಅವರು ಫ್ಲಾಸ್ಕಿಗೆ ಏನೇನು ಹಾಕಿದ್ದೆ ಎಂದು ವಿಚಾರಿಸಿದರು.

“ಅಂಜಬ್ಯಾಡವಾ. ಹೊಟ್ಟಿ ತುಂಬ ಸಕ್ಕರಿ ಸಿಕ್ಕರ ಅದು ಬರೇ ಬೆಳಕೋತ ಹೊಕ್ಕೈತಿ. ಔಷಧ ಕಟ್ಟೂ ಕಿಣ್ವ ಮಾಡೂದನ್ನ ನಿಲ್ಲಸತೈತಿ.”

ಗ್ಲೂಕೋಸ್ ಇಳಿಸಿ ಪಿಷ್ಟ ಹಾಕಲು ಹೇಳಿದರು. ಪಿಷ್ಟವನ್ನು ಅದು ಒಡೆದೊಡೆದು ತಿನ್ನಬೇಕು. ಸಕ್ಕರೆ ಒಮ್ಮೆಲೇ ಸಿಗುವುದಿಲ್ಲ. ಆಗ ಆ ಕಿಣ್ವಗಳು ಮತ್ತೆ ತಯಾರಾಗುತ್ತವೆ. ಹಾಗೆಯೇ ಮಾಡಿಟ್ಟು ದವಾಖಾನೆಗೆ ಓಡಿದೆ.

ಅವ್ವನಿಗೆ ಆ ಕೊನೆಯ ಔಷಧ ಶುರುವಾಗಿತ್ತು. ದಿನಾ ಬೆಳಿಗ್ಗೆ ಗಾಯದ ಪಟ್ಟಿ ಬಿಚ್ಚುವಾಗ ನಾನು ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ಒಂದು ದಿನ ನರ್ಸಮ್ಮ ನನ್ನ ಭುಜ ಹಿಡಿದು ತಿರುಗಿಸಿದರು. ಕೀವು ನಿಂತಿತ್ತು, ಗಾಯದ ಅಂಚಿನಲ್ಲಿ ಹೊಸ ಮಾಂಸ ಕೆಂಪಗೆ ಕಾಣುತ್ತಿತ್ತು. ಕಾಲಿನ ಎರಡು ಬೆರಳು ಹೋದವು, ಕಾಲು ಉಳಿಯಿತು. ಅವ್ವ ಮನೆಗೆ ಹೋದ ಮೇಲೆ ಪ್ರಯೋಗಾಲಯದಲ್ಲಿ ಪಿಷ್ಟದ ಫ್ಲಾಸ್ಕಿನ ರಸವನ್ನು ತಟ್ಟೆಗೆ ಹಾಕಿ ನೋಡಿದೆ. ಮಸುಕಾಗಿಯಾದರೂ ವೃತ್ತ ಮೂಡಿತ್ತು.

ಅವ್ವ ಈಗ ಮತ್ತೆ ಕುರಿಗಳ ಹಿಂದೆ ಅಡ್ಡಾಡುತ್ತಾಳೆ. ಫೋನಿನಲ್ಲಿ ಮಾತಾಡುವಾಗ ಅವಳು ಸುಮ್ಮನೆ ಕೆಮ್ಮಿದರೂ ಜ್ವರ ಬಂದಿದೆಯೇ ಎಂದು ಎರಡೆರಡು ಸಲ ಕೇಳುತ್ತೇನೆ.