ತಡಿಕೆ ಗೋಡೆಯ ಚಿತ್ರ

ಸ್ನೇಹಿತರೇ, ಇವತ್ತು ಬೆಳಗ್ಗೆ ಪಕ್ಕದ ಮನೆಯ ಅಜ್ಜಿ ಪೊರಕೆ ಹಿಡಿದೇ ನನ್ನ ಬಾಗಿಲಿಗೆ ಬಂದರು.

"ಏನ್ಲಾ, ಗಣಿ ಸೈರನ್ ಊದಿದಾಗ್ನಿಂದ ನಮ್ಮ ಗೋಡೇನೇ ನೋಡ್ತಾ ಕುಂತಿದೀಯಾ? ಮನೇಲಿ ಸೊಸೆ ಅವ್ಳೆ. ಸಂದೀಲಿ ಇಣುಕ್ತೀಯಾ?"

ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕಾರ್ಮಿಕರ ಮನೆಗಳ ಈ ಸಾಲಿನಲ್ಲಿ ನಮ್ಮೆರಡು ಮನೆಗೂ ಒಂದೇ ಬಿದಿರು ತಡಿಕೆಯ ಗೋಡೆ. ಡ್ರಾಯಿಂಗ್ ಪರೀಕ್ಷೆಗೆ ಒರಟು ಮೇಲ್ಮೈ ಬರೆದು ಕಲಿಯಲು ನನಗೆ ಸಿಕ್ಕಿದ್ದೂ ಅದೇ.

"ಗೋಡೆ ಬರೀತಿದ್ದೆ ಅಜ್ಜಿ," ಎಂದು ಹಾಳೆ ತೋರಿಸಿದೆ.

ಅವರು ಪೆನ್ಸಿಲಿನ ಹೆಣಿಗೆಯ ಮೇಲೆ ಹೆಬ್ಬೆರಳಾಡಿಸಿದರು. "ಅಯ್ಯೋ, ತಡಿಕೇನೇ ಅಂದ್ಕಂಡ್ರೆ ನುಣ್ಣಗೈತಲ್ಲಾ!" ಎಂದು ನಕ್ಕು ಹೊರಟೇಹೋದರು.

ನಾನಿಲ್ಲಿಗೆ ಬಂದು ವರ್ಷವಾಯಿತು. ಈ ಬಾಗಿಲಿಗೆ ಒಬ್ಬರು ಬಂದದ್ದು ಇದೇ ಮೊದಲು. ಚಿತ್ರವೇನೋ ಚೆನ್ನಾಗಿ ಬಂದಿದೆ. ಆದರೂ ನಾಳೆ ಮತ್ತೆ ಅದೇ ಗೋಡೆ ಬರೆಯುತ್ತೇನೆ. ಬೈಯುವುದಕ್ಕಾದರೂ ಯಾರಾದರೂ ಬರಲಿ.