ಶಂಕ್ರಮ್ಮನ ಪ್ರಶ್ನಾರ್ಥಕ ಚಿಹ್ನೆ

ಶಂಕ್ರಮ್ಮನವರ ಯಾವ ಉತ್ತರವೂ ಪ್ರಶ್ನಾರ್ಥಕ ಚಿಹ್ನೆಯಿಲ್ಲದೆ ಮುಗಿಯುತ್ತಿರಲಿಲ್ಲ. ಹೊಲಿಗೆ ಯಂತ್ರದ ತೊಂದರೆಗಳಿಗೆಂದು ನಾನು ನಡೆಸುವ ಆನ್‌ಲೈನ್ ವೇದಿಕೆಯಲ್ಲಿ ಯಾರಾದರೂ ‘ಮಷಿನ್ ಸದ್ದು ಮಾಡ್ತೈತಿ’ ಎಂದರೆ ಸಾಕು, ಹತ್ತು ಜನ ಹತ್ತು ತೀರ್ಪು ಕೊಡುತ್ತಿದ್ದರು. ಶಂಕ್ರಮ್ಮ ಮಾತ್ರ, ‘ಎಣ್ಣಿ ಬಿಟ್ಟು ಎಷ್ಟು ದಿನ ಆತ್ರಿ?’ ಎನ್ನುತ್ತಿದ್ದರು.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಗೊತ್ತಿದ್ದವರ ದನಿ ಗಟ್ಟಿ ಇರುತ್ತದೆ ಎಂದು ನಂಬಿದವನು. ಈಕೆ ಇನ್ನೂ ಕಲಿಯುತ್ತಿದ್ದಾರೆ ಅಂದುಕೊಂಡು, ಅವರು ಬರೆದದ್ದನ್ನೆಲ್ಲ ಎತ್ತಿ ‘ಹೊಸಬರ ಪ್ರಶ್ನೆಗಳು’ ವಿಭಾಗಕ್ಕೆ ಹಾಕಿದೆ. ಇನ್ನು ಮೇಲೆ ಇಲ್ಲೇ ಕೇಳಿ ಎಂದು ಬುದ್ಧಿಯನ್ನೂ ಹೇಳಿದೆ.

‘ಆತಪ್ಪ. ಇಲ್ಲೇ ಕುಂದರ್ಲೇನು?’ ಎಂದು ಬರೆದರು. ಅದೂ ಪ್ರಶ್ನೆಯೇ.

ಕುರುಗೋಡಿನ ನಮ್ಮ ಮನೆಯಲ್ಲಿ ಅವ್ವ ಬಳ್ಳಾರಿಯಿಂದ ಕಟ್ಟು ಕಟ್ಟಾಗಿ ಬರುವ ಜೀನ್ಸ್ ತುಂಡುಗಳನ್ನು ಹೊಲಿಯುತ್ತಾಳೆ. ಒಂದು ಗುರುವಾರ ದಾರ ಮೇಲಿಂದ ಮೇಲೆ ಕಡಿಯತೊಡಗಿತು. ಶನಿವಾರದೊಳಗೆ ಕಟ್ಟು ಮುಗಿಯದಿದ್ದರೆ ಮುಂದಿನ ಕಟ್ಟು ಬೇರೆ ಮನೆಗೆ ಹೋಗುತ್ತದೆ. ವೇದಿಕೆಯಲ್ಲಿ ಕೇಳಿದೆ. ಒಬ್ಬ ಮಹಾಶಯರು ಸಾಲು ಸಾಲು ಇಂಗ್ಲಿಷ್ ಪದ ಪೋಣಿಸಿ, ‘ನೂರಕ್ಕೆ ನೂರು ಹುಕ್ಕಿನ ಟೈಮಿಂಗ್ ದೋಷ’ ಎಂದರು. ಶಂಕ್ರಮ್ಮ ತಮ್ಮ ಮೂಲೆಯಿಂದ, ‘ಸೂಜಿ ಬದಲಿ ಮಾಡೀರೇನು? ಅದರ ಮುಖ ತಿರುವಿ ಹಾಕಿಲ್ಲ ಹೌದಲ್ಲೋ?’ ಎಂದರು.

ನಗು ಬಂತು. ಸ್ಕ್ರೂಡ್ರೈವರ್ ಹಿಡಿದು, ಸೂಜಿಯ ದಾರವನ್ನು ಕೆಳಗೆ ಹಿಡಿಯುವ ಆ ಹುಕ್ಕನ್ನು ಸಡಿಲಿಸಿದೆ. ಆಮೇಲೆ ದಾರ ಕಡಿಯಲಿಲ್ಲ, ಹೊಲಿಗೆಯೇ ಬೀಳಲಿಲ್ಲ.

“ಭಾಳ ಚಲೋ ಆತು,” ಎಂದಳು ಅವ್ವ. “ಈಗ ಭಾಷಣ ಮಾಡಿ ಹೊಲಿ.”

ಕೊನೆಗೆ ಶಂಕ್ರಮ್ಮನವರಿಗೇ ನಡೆದದ್ದನ್ನು ಬರೆದೆ. ‘ಸಿರುಗುಪ್ಪಕ್ಕ ತರಾಕ ಆಗ್ತೈತೇನು?’ ಎಂದರು. ಮರುದಿನ ಬೆಳಿಗ್ಗೆ ಮಷಿನ್ನಿನ ತಲೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ ಹತ್ತಿದೆ. ತಗಡಿನ ಸಣ್ಣ ಅಂಗಡಿ. ಒಳಗೆ ಬಿಚ್ಚಿಟ್ಟ ಹತ್ತಾರು ಯಂತ್ರಗಳು, ನಡುವೆ ಕನ್ನಡಕವನ್ನು ಹಣೆಗೇರಿಸಿಕೊಂಡ ಅವರು. ಮೊದಲು ಸೂಜಿ ತೆಗೆದು, ಅದರ ಗೀರಿನ ಮೇಲೆ ಉಗುರು ಆಡಿಸಿದರು.

“ಹಿಂದಮುಂದ ಆಗೇತಿ. ಯಾರು ಹಾಕಿದ್ದು?”

“ಅವ್ವ.”

“ಹುಕ್ಕು ಕೆಡಿಸಿದ್ದು?”

“ನಾನ್ರೀ.”

“ಅವ್ವಂದು ಸಣ್ಣ ತಪ್ಪು ಬಿಡು.”

ಹುಕ್ಕು ಕೂರಿಸುತ್ತಿರುವಾಗ ತಡೆಯಲಾರದೆ ಕೇಳಿದೆ: “ಗೊತ್ತಿದ್ದೂ ಯಾಕ ಕೇಳ್ತೀರಿ ಅಮ್ಮಾ? ಗಟ್ಟಿಯಾಗಿ ಹೇಳಬಾರದಾ?”

“ಮಷಿನ್ ಅವರ ಮುಂದ ಇರತೈತಪ್ಪ. ನನ್ನ ಮುಂದ ಮೊಬೈಲ್ ಇರತೈತಿ. ಕಾಣದ್ದನ್ನ ಕೇಳಬೇಕೋ, ಹೇಳಬೇಕೋ?”

ಮಷಿನ್ನಿನ ತಲೆಯನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತಿಕೊಂಡು ಊರಿಗೆ ಬಂದೆ. ಶನಿವಾರ ಸಂಜೆ ಕಟ್ಟು ಬಳ್ಳಾರಿಗೆ ಹೋಯಿತು. ಶಂಕ್ರಮ್ಮನವರ ಬರಹಗಳನ್ನೆಲ್ಲ ಉತ್ತರಗಳ ಸಾಲಿಗೆ ಮರಳಿಸಿ, ಎಲ್ಲರೆದುರು ಕ್ಷಮೆ ಕೇಳಿದೆ.

ತಿಂಗಳ ಮೇಲೆ ನನ್ನೊಬ್ಬನಿಗೇ ಅವರ ಸಂದೇಶ ಬಂತು: ‘ಅವ್ವನ ಕಣ್ಣು ತೋರಿಸಿದ್ಯೇನು?’ ಕುಶಲ ವಿಚಾರಿಸುತ್ತಿದ್ದಾರೆ ಅಂದುಕೊಂಡೆ. ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾದೆ. ಆ ಚಳಿಗಾಲದಲ್ಲೇ ಶಂಕ್ರಮ್ಮ ತೀರಿಕೊಂಡರೆಂದು ವೇದಿಕೆಯಲ್ಲಿ ಯಾರೋ ಬರೆದರು.

ಕೆಲವು ದಿನಗಳ ನಂತರ ಅವ್ವ ಮತ್ತೆ ಸೂಜಿಯನ್ನು ಹಿಂದುಮುಂದಾಗಿ ಹಾಕಿದಳು. ಈ ಸಲ ನಾನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಶಂಕ್ರಮ್ಮನವರ ಆ ಸಂದೇಶವನ್ನು ತೆಗೆದು ಮತ್ತೆ ಓದಿದೆ; ಅದು ಕುಶಲ ವಿಚಾರಣೆಯಾಗಿರಲಿಲ್ಲ.

ಅವ್ವನ ಎಡಗಣ್ಣಿಗೆ ಪೊರೆ ಬಂದಿದೆ ಎಂದರು ಡಾಕ್ಟರು. ಬಳ್ಳಾರಿಯ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಶಂಕ್ರಮ್ಮನವರ ಆ ಸಾಲಿನ ಕೆಳಗೆ ಬರೆದೆ: ‘ಹ್ಞೂಂ ಅಮ್ಮಾ, ತೋರಿಸಿದ್ವಿ.’